ಹೆಣ್ಣುಸಾಲಿಗೆ ನೀರು ಹೊತ್ತ ಬೇಸಿಗೆ

ಮಗ್ಗೆಯ ನಮ್ಮ ಮನೆಯ ಹಿತ್ತಿಲಿನ ಕರಿಬೇವು ಈ ಸಲ ಶಿವರಾತ್ರಿ ಕಳೆಯುವುದರೊಳಗೆ ಎಲೆಯನ್ನೆಲ್ಲ ಉದುರಿಸಿಕೊಂಡು ಬೋಳಾಗಿ ನಿಂತಿತು. ನಮ್ಮ ಯಜಮಾನರಿಗೆ ಒಣಗಿದ್ದು ಕಂಡರೆ ಆಗುವುದಿಲ್ಲ. ಮಚ್ಚು ಹಿಡಿದೇ ಬಂದರು.

‘ಸತ್ತೋಗೈತೆ ಕಣೇ. ಕಡ್ದಾಕಿದ್ರೆ ನೀರು ಕಾಯ್ಸೋಕಾದ್ರೂ ಆಯ್ತದೆ.’

‘ಒಂದ್ನಿಮಿಷ ತಡೀರಿ ಮಾರಾಯ್ರೆ’ ಎಂದು ನಾನು ಅಡ್ಡ ನಿಂತೆ. ಮೇಲಿನ ಕೊಂಬೆಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದೆ. ಕಂದು. ಒಂದು ಗೇಣು ಕೆಳಗೆ ಕೆರೆದೆ. ಅಲ್ಲೂ ಕಂದು. ಕೂತುಕೊಂಡು ಬುಡದ ಹತ್ತಿರ ಕೆರೆದಾಗ ತೊಗಟೆಯ ಅಡಿಯಲ್ಲಿ ಎಳೆಯ ಹಸಿರು ಕಾಣಿಸಿತು. ಉಗುರನ್ನು ಮೂಗಿನ ಹತ್ತಿರ ಹಿಡಿದೆ. ಕರಿಬೇವಿನ ಘಮದ ಹಿಂದೆ ಇನ್ನೊಂದು ವಾಸನೆ, ಹಸಿ ತೊಗಟೆಯದು, ಸ್ವಲ್ಪ ಒಗರು, ಸ್ವಲ್ಪ ತಂಪು. ಅದು ಮೂಗಿಗೆ ಹೋದದ್ದೇ ಕಣ್ಣಲ್ಲಿ ನೀರು ಬಂತು. ಮಚ್ಚು ಹಿಡಿದ ಗಂಡಸು ಗಾಬರಿಯಾಗಿ, ‘ಕಡಿಯಲ್ಲ ಬಿಡೇ, ಅದಕ್ಯಾಕೆ ಅಳ್ತೀಯ’ ಎಂದು ಒಳಗೆ ಹೋದರು.

ನಾನು ಅತ್ತದ್ದು ಕರಿಬೇವಿಗಲ್ಲ. ಮಾರನೆಯ ದಿನ ನಾನು ತವರಿಗೆ ಹೊರಡಬೇಕಿತ್ತು, ಅತ್ತಿಗೆಯ ವರ್ಷದ ಕಾರ್ಯಕ್ಕೆ. ಗಿಡವನ್ನು ಹೀಗೆ ಕೆರೆದು ನೋಡಲು ನನಗೆ ಕಲಿಸಿದವರು ಅವರು. ಆಲೂರಿಗೆ ಒಂದು ಬಸ್ಸು, ಸಕಲೇಶಪುರಕ್ಕೆ ಇನ್ನೊಂದು, ಅಲ್ಲಿಂದ ಹಾನುಬಾಳಿಗೆ ಮತ್ತೊಂದು. ಮೂರು ಬಸ್ಸಿನಲ್ಲೂ ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು, ಮೂರರಲ್ಲೂ ನಾನು ಹೊರಗಿನದೇನನ್ನೂ ನೋಡಲಿಲ್ಲ. ಮನಸ್ಸು ಎರಡು ಸಾವಿರದ ಮೂರರ ಬೇಸಿಗೆಗೆ ಹೋಗಿ ಕೂತುಬಿಟ್ಟಿತ್ತು.

ನನ್ನ ತವರು ಹಾನುಬಾಳಿನಿಂದ ಮೂರು ಮೈಲಿ ಒಳಗೆ. ಎಸ್ಟೇಟ್ ಎಂದು ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಆರು ಎಕರೆ ಕಾಫಿ, ಕೆಳಗೆ ಒಂದಿಷ್ಟು ಗದ್ದೆ. ಆದರೆ ಬೇರೆ ಯಾರ ಮನೆಯಲ್ಲೂ ನಾನು ಕಾಣದ ಒಂದು ಪದ್ಧತಿ ನಮ್ಮಲ್ಲಿತ್ತು. ಮನೆಯಲ್ಲಿ ಹೆಣ್ಣು ಹುಟ್ಟಿದರೆ ಆ ಮಳೆಗಾಲದಲ್ಲಿ ಅವಳ ಹೆಸರಿಗೆ ಒಂದು ಸಾಲು ಕಾಫಿ ಗಿಡ ನೆಡುವುದು. ಅದನ್ನು ಹೆಣ್ಣುಸಾಲು ಎನ್ನುತ್ತಿದ್ದರು. ಆ ಸಾಲಿನ ಹಣ್ಣನ್ನು ಉಳಿದದ್ದರ ಜೊತೆ ಬೆರೆಸುವಂತಿಲ್ಲ, ಮಾರುವಂತಿಲ್ಲ. ಬೇರೆ ಕೊಯ್ದು, ಬೇರೆ ಒಣಗಿಸಿ, ಹುರಿದು ಪುಡಿ ಮಾಡಿ, ವರ್ಷಕ್ಕೊಮ್ಮೆ ಡಬ್ಬ ತುಂಬಿ ಮಗಳ ಗಂಡನ ಮನೆಗೆ ಕಳಿಸಬೇಕು. ನನ್ನ ಸಾಲನ್ನು ನೆಟ್ಟವಳು ನಮ್ಮವ್ವ, ಮೂರು ತಿಂಗಳ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು, ಇಳಿಜಾರಿನ ಕಲ್ಲುಗೋಡೆಯ ಕೆಳಗೆ. ಮೂವತ್ತೊಂದು ರೋಬಸ್ಟಾ ಗಿಡ. ಅವ್ವ ಹೋದ ಮೇಲೆ ಆ ಮನೆಯಲ್ಲಿ ನನ್ನದು ಎಂದು ಉಳಿದದ್ದು ಅದೊಂದೇ. ಮಗ್ಗೆಗೆ ಡಬ್ಬ ಬಂದ ದಿನ ನಮ್ಮ ಯಜಮಾನರು ಮೊದಲ ಲೋಟ ಹಿಡಿದು, ‘ನಿನ್ನ ಸಾಲಿಂದಾ?’ ಎಂದು ಕೇಳುವುದು, ನಾನು ‘ಹೂಂ ಮತ್ತೆ, ನಮ್ಮವ್ವ ನೆಟ್ಟಿದ್ದು’ ಎಂದು ಬೀಗುವುದು ಮದುವೆಯಾದ ವರ್ಷದಿಂದ ನಡೆದು ಬಂದಿತ್ತು.

ಸೊಸೆಯರಿಗೆ ಸಾಲಿರಲಿಲ್ಲ. ಅವರದು ಅವರವರ ತವರಿನಲ್ಲಿ ಇರುತ್ತದೆ ಎಂದು ಹಿರಿಯರು ಅಂದುಕೊಂಡಿದ್ದರೋ ಏನೋ. ಇದೆಯೋ ಇಲ್ಲವೋ ಎಂದು ಯಾರೂ ಕೇಳಿದವರಲ್ಲ, ನಾನಂತೂ ಕೇಳಲಿಲ್ಲ.

ಅತ್ತಿಗೆಯ ಹೆಸರು ಲಲಿತಮ್ಮ. ಅರಸೀಕೆರೆ ಕಡೆಯ ಬಯಲುಸೀಮೆಯವರು, ಅಪ್ಪ ಅವ್ವನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡು ಮಾವನ ಮನೆಯಲ್ಲಿ ಬೆಳೆದವರು. ನನಗಿಂತ ಎರಡೇ ವರ್ಷ ದೊಡ್ಡವರು. ಮದುವೆಯಾಗಿ ಬಂದ ಹೊಸದರಲ್ಲಿ ಕಾಫಿ ಗಿಡದಲ್ಲಿ ತೆಗೆದುಹಾಕಬೇಕಾದ ಚಿಗುರನ್ನು ಬಿಟ್ಟು ಫಸಲು ಬಿಡುವ ರೆಕ್ಕೆಕೊಂಬೆಗಳನ್ನೇ ಮುರಿದು ರಾಶಿ ಹಾಕಿದ್ದರಂತೆ. ಆ ಕಥೆಯನ್ನು ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಬಿಡದೆ ಹೇಳಿ ನಕ್ಕಿದ್ದೇವೆ. ‘ರಾಗಿ ಹೊಲದಿಂದ ಬಂದವಳಿಗೆ ಕಾಫಿ ತೋಟ ಕೊಟ್ಟಂಗಾಯ್ತು’ ಎಂದು ಅಣ್ಣಯ್ಯ ಬಂದವರ ಮುಂದೆಲ್ಲ ಹೇಳುತ್ತಿದ್ದ. ಅತ್ತಿಗೆಯೂ ನಗುತ್ತಿದ್ದರು. ತೋಟದ ವಿಚಾರ ಬಂದರೆ ಒಳಗೆ ಎದ್ದು ಹೋಗುತ್ತಿದ್ದರು.

ಆ ಬರದ ಬೇಸಿಗೆಯ ಹಿಂದಿನ ವರ್ಷ ಮಳೆಗಾಲ ಅರ್ಧಕ್ಕೇ ಕೈಕೊಟ್ಟಿತ್ತು. ಮಳೆ ಹಿಡಿದರೆ ತೋಟಕ್ಕೆ ಬೆಳಕು ಸಾಲದು ಎಂದು ಅಣ್ಣಯ್ಯ ನೆರಳಿನ ಮರಗಳ ಕೊಂಬೆಯನ್ನು ಕೈಬಿಚ್ಚಿ ಕಡಿಸಿದ್ದ. ಮಳೆ ಹಿಡಿಯಲಿಲ್ಲ, ಬಿಸಿಲು ಹಿಡಿಯಿತು. ಇದರ ಮೇಲೆ ಜನವರಿ ಕೊನೆಯಲ್ಲಿ ಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದು ಅಣ್ಣಯ್ಯ ತೊಡೆ ಮುರಿದುಕೊಂಡ. ಆಪರೇಷನ್ ಆಗಿ, ಹಾಸನದಿಂದ ಬಂದು, ನಡುಮನೆಯ ಮಂಚದಲ್ಲಿ ಮಲಗಿದವನಿಗೆ ಕಾಲಿಗಿಂತ ಬಾಯಿ ಜೋರು. ಅತ್ತಿಗೆ ಒಬ್ಬರೇ ಎಷ್ಟೆಂದು ಏಗುತ್ತಾರೆ? ನನ್ನ ಮಗಳನ್ನು ಅವಳ ಅಜ್ಜಿಯ ಹತ್ತಿರ ಬಿಟ್ಟು ನಾನು ಫೆಬ್ರವರಿಯಲ್ಲಿ ಹೊರಟು ಬಂದೆ. ಒಂದು ತಿಂಗಳಿಗೆ ಎಂದು ಬಂದವಳು ನಾಲ್ಕು ತಿಂಗಳು ಉಳಿದೆ.

ಬಂದ ದಿನ ಸಂಜೆಯೇ ನನ್ನ ಸಾಲಿಗೆ ಇಳಿದೆ. ಎಲೆಗಳೆಲ್ಲ ಕಿವಿ ಜೋಲು ಬಿಟ್ಟ ಹಾಗೆ ಇಳಿಬಿದ್ದಿದ್ದವು. ನಮ್ಮ ಕಡೆ ಕಾಫಿ ಗಿಡ ಬಾಡುವುದನ್ನು ನೋಡಿದವರಿದ್ದಾರೆ, ಹೀಗೆ ಕೈಚೆಲ್ಲಿ ನಿಂತದ್ದನ್ನು ನೋಡಿದವರು ಕಡಿಮೆ. ಮೇಸ್ತ್ರಿ ರಂಗಯ್ಯ ನಮ್ಮಪ್ಪನ ಕಾಲದಿಂದ ಇದ್ದವನು. ಅವನೇ, ‘ನಾನು ಈ ತೋಟಕ್ಕೆ ಬಂದಾಗ್ನಿಂದ ಇಂಥದ್ದು ಕಂಡಿಲ್ಲ ಕಣವ್ವ’ ಎಂದು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ.

ಅತ್ತಿಗೆ ಮಾತ್ರ ಬೆಳಗ್ಗೆ ಸೂರ್ಯ ಹುಟ್ಟುವ ಮೊದಲು ಒಂದು ಸಲ, ಮಧ್ಯಾಹ್ನ ಒಂದು ಸಲ ತೋಟಕ್ಕೆ ಹೋಗಿ ಬರುತ್ತಿದ್ದರು. ಯಾಕೆಂದು ಕೇಳಿದೆ.

‘ಮದ್ಯಾನ ಬಾಡಿದ್ರೆ ಬಾಡ್ಲಿ, ಬಿಸ್ಲಿಗೆ ನಾವೂ ತಲೆ ತಗ್ಗಿಸ್ತೀವಿ. ಬೆಳಗಿನ್ ಜಾವ ಎದ್ದು ನಿಂತಿದ್ರೆ ಒಳ್ಗೆ ಇನ್ನೂ ನೀರೈತೆ ಅಂತ. ಬೆಳಿಗ್ಗೇನೂ ಏಳ್ದೆ ಹೋದ್ರೆ ಆಗ ಯೋಚ್ನೆ ಮಾಡ್ಬೇಕು’ ಎಂದರು.

ಹನ್ನೊಂದು ವರ್ಷದಲ್ಲಿ ಗಿಡದ ಬಗ್ಗೆ ಅವರು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ನಾನು ಆ ಮನೆಯ ಮಗಳು. ರಾಗಿ ಹೊಲದಿಂದ ಬಂದವರು ನನಗೆ ಕಾಫಿಯ ಪಾಠ ಹೇಳುವುದೇ ಎಂದುಕೊಂಡೆ.

ಮಾರ್ಚ್ ಬಂತು. ಎಲೆ ಉದುರಲು ಶುರುವಾಯಿತು. ಮೊದಲು ಕೆಳಗಿನ ಹಳೆಯ ಎಲೆ, ಆಮೇಲೆ ನಡುವಿನದು. ಅತ್ತಿಗೆ ಆಳುಗಳ ಜೊತೆ ಸೇರಿ ಬಿದ್ದ ತರಗನ್ನೆಲ್ಲ ಗುಡಿಸಿ ಗಿಡದ ಬುಡಕ್ಕೆ ಮೊಣಕಾಲುದ್ದ ಪೇರಿಸಿದರು. ನನ್ನ ಸಾಲಿಗೂ ಪೇರಿಸಿದರು, ಅದರ ಕೆಳಗಿನ ಸಾಲಿಗೂ ಪೇರಿಸಿದರು. ಆ ಕೆಳಗಿನ ಸಾಲು ಯಾರ ಹೆಸರಿನದೂ ಅಲ್ಲ, ಮನೆಯದು. ಕೆಲಸ ಮುಗಿದ ಮೇಲೆ ಅತ್ತಿಗೆ ಅಲ್ಲೇ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂರುತ್ತಿದ್ದರು.

ಗದ್ದೆಯ ಅಂಚಿನಲ್ಲಿ ಒಂದು ಒರತೆಯಿತ್ತು. ಆ ವರ್ಷ ಅದರಲ್ಲಿ ಮನೆಗೆ, ದನಕ್ಕೆ ಸಾಕಾಗುವಷ್ಟೇ ನೀರು. ಒಂದು ದಿನ ಬೆಳಗ್ಗೆ ನಾನು ಯಾರಿಗೂ ಹೇಳದೆ ಕೊಡ ಎತ್ತಿಕೊಂಡು ಇಳಿದೆ. ನೀರು ಇಳಿಯಲಿ ಎಂದು ನನ್ನ ಸಾಲಿನ ಬುಡದ ತರಗನ್ನೆಲ್ಲ ಕೈಯಲ್ಲಿ ಸರಿಸಿ, ಗಿಡಕ್ಕೆ ಎರಡೆರಡು ಚೊಂಬಿನಂತೆ ಹಾಕಿದೆ. ಮೂವತ್ತೊಂದು ಗಿಡ ಮುಗಿಯುವ ಹೊತ್ತಿಗೆ ಸೊಂಟ ಬಿದ್ದು ಹೋಗಿತ್ತು. ಆದರೂ ಮನಸ್ಸಿಗೆ ಎಂಥ ಸಮಾಧಾನ! ಮಾರನೆಯ ದಿನವೂ ಹೊತ್ತೆ. ಮೂರನೆಯ ದಿನ ಅತ್ತಿಗೆ ಕಂಡರು.

‘ಹಿಂಗೆ ಮಾಡ್ಬ್ಯಾಡ ಶಾರದಾ. ಕೊಟ್ರೆ ನೆಲ ನೆನೆಯೋಹಂಗೆ ಹೊಟ್ಟೆ ತುಂಬ ಕೊಡ್ಬೇಕು, ಇಲ್ಲ ಅಂದ್ರೆ ಸುಮ್ನೆ ಇರ್ಬೇಕು. ಅವು ಮಲಗ್ತಾ ಅವೆ, ನೀನು ಎಬ್ಬಿಸ್ತಾ ಇದ್ದೀಯ. ಬೇರ್ಗಳೆಲ್ಲ ನೀರು ಹುಡುಕ್ಕಂಡು ಮೇಲಕ್ಕೆ ಬಂದ್ಬುಡ್ತವೆ. ತರಗು ಬೇರೆ ತೆಗ್ದಿದ್ದೀಯ.’

‘ಮಲಗ್ತಾ ಅವೋ ಸಾಯ್ತಾ ಅವೋ ಯಾರಿಗ್ ಗೊತ್ತು?’

‘ನಮ್ಮೂರಾಗೆ ಮುತ್ತುಗ ಎಲೆ ಉದುರಿಸ್ಕಂಡು ನಿಂತ್ರೆ ಯಾರೂ ಸತ್ತೋಯ್ತು ಅನ್ನಲ್ಲ ಕಣವ್ವ. ನೋಡು, ನಿಮ್ಮ ಹಾಲುವಾಣದ ಮರ ವರ್ಷಾ ವರ್ಷಾ ಬೋಳಾಗ್ತದೆ. ಅದನ್ನ ಕಂಡು ಅತ್ತಿದ್ದೀಯ?’

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಅವ್ವ ನೆಟ್ಟ ಗಿಡ ಕಣ್ಣೆದುರು ಬಾಡುತ್ತಿರುವಾಗ ಇವರು ಮುತ್ತುಗದ ಕಥೆ ಹೇಳುತ್ತಿದ್ದಾರೆ. ಕೊಡವನ್ನು ನೆಲಕ್ಕಿಟ್ಟು ಅಂದುಬಿಟ್ಟೆ:

‘ನಿಮಗೇನ್ ಅತ್ತಿಗೆ? ನಿಮ್ಮ ಹೆಸರಲ್ಲೂ ಒಂದು ಸಾಲಿದ್ದಿದ್ರೆ ಗೊತ್ತಾಗ್ತಿತ್ತು.’

ಅತ್ತಿಗೆ ಸೆರಗಿಗೆ ಅಂಟಿದ್ದ ತರಗನ್ನು ಒಂದೊಂದಾಗಿ ತೆಗೆದು ಹಾಕಿದರು. ಆಮೇಲೆ, ‘ಕೊಡ ತುಳುಕ್ತದೆ, ಸಿಂಬಿ ಹಾಕ್ಕೊ’ ಎಂದು ತಮ್ಮ ತಲೆಯ ಮೇಲಿದ್ದ ಬಟ್ಟೆಯ ಸಿಂಬಿಯನ್ನು ತೆಗೆದು ನನ್ನ ಕೈಗೆ ಕೊಟ್ಟು ಮೇಲೆ ಹೋದರು. ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ನನಗೆ ಆ ದಿನ ಆಗಲಿಲ್ಲ. ಆ ಬೇಸಿಗೆಯುದ್ದಕ್ಕೂ ಆಗಲಿಲ್ಲ. ಬಾಯಿಯ ತುದಿಗೆ ಎಷ್ಟು ಸಲ ಬಂತೋ ಅಷ್ಟು ಸಲ ನುಂಗಿದೆ.

ಹದಿನೈದು ದಿನ ನೀರು ಹೊತ್ತೆ. ಹದಿನಾರನೆಯ ದಿನ ಬೆಳಗ್ಗೆ ನನ್ನ ಸಾಲು ಹೂ ಬಿಟ್ಟಿತ್ತು! ತೋಟಕ್ಕೆ ತೋಟವೇ ಬೋಳಾಗಿ ನಿಂತಿರುವಾಗ ನನ್ನ ಮೂವತ್ತೊಂದು ಗಿಡದಲ್ಲಿ ಮಾತ್ರ ಹೂ. ನಾನು ಕೂಗುತ್ತಲೇ ಮೇಲೆ ಓಡಿದೆ. ಮಂಚದ ಮೇಲಿದ್ದ ಅಣ್ಣಯ್ಯನ ಮುಖ ಅರಳಿತು. ‘ನೋಡ್ದಾ, ಈ ಮನೇಲಿ ಹುಟ್ಟಿದವಳ ಕೈಗುಣ!’ ಎಂದು ಅತ್ತಿಗೆಗೆ ಕೇಳುವ ಹಾಗೆ ಹೇಳಿದ. ನನಗೆ ಹಿಗ್ಗು ತಡೆಯಲಾಗಲಿಲ್ಲ. ಆ ಹಿಗ್ಗನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಅತ್ತಿಗೆ ಬಂದು ಒಂದು ಹೂವನ್ನು ಹತ್ತಿರದಿಂದ ನೋಡಿದರು. ಅದು ಪೂರ್ತಿ ಅರಳಿರಲಿಲ್ಲ. ಎಸಳು ಚಿಕ್ಕದು, ದಪ್ಪ, ಬಿಳಿಯ ಬದಲು ಹಸಿರುಗೆಂಪು. ಮೂಗಿಗೆ ಹಿಡಿದರೆ ಪರಿಮಳವೇ ಇಲ್ಲ. ಕಾಫಿ ಹೂವಿಗೆ ಪರಿಮಳವಿಲ್ಲದಿದ್ದರೆ ಏನೋ ಕೆಟ್ಟಿದೆ ಎಂದು ಆ ಮನೆಯ ಮಗಳಿಗೆ ಗೊತ್ತಾಗಬೇಕಿತ್ತು. ಆಸೆ ಕಣ್ಣನ್ನಷ್ಟೇ ಅಲ್ಲ, ಮೂಗನ್ನೂ ಮುಚ್ಚುತ್ತದೆ. ಅತ್ತಿಗೆ ಕೊಂಬೆಯನ್ನು ಮೆಲ್ಲಗೆ ಬಿಟ್ಟರು.

ಒಂದು ವಾರದಲ್ಲಿ ಹೂ ಕಪ್ಪಾಯಿತು. ಹೂವಿನ ಜೊತೆ ಬಂದಿದ್ದ ನಾಲ್ಕು ಚಿಗುರೆಲೆ ಸುಟ್ಟಂತಾದವು. ಒರತೆ ಇನ್ನೂ ಕೆಳಗಿಳಿದು ದನಕ್ಕೇ ನೀರು ಸಾಲದಾಯಿತು. ನನ್ನ ಕೊಡ ನಿಂತಿತು. ಏಪ್ರಿಲ್ ನಡುವಿಗೆ ನನ್ನ ಸಾಲು ಒಂದು ತರಹ, ಕೆಳಗಿನ ಸಾಲು ಇನ್ನೊಂದು ತರಹ ಕಾಣತೊಡಗಿತು. ಕೆಳಗಿನದು ಎಲೆಯನ್ನೆಲ್ಲ ಉದುರಿಸಿ ಬರೀ ಕಡ್ಡಿಯಾಗಿ ನಿಂತಿತ್ತು. ನನ್ನದರಲ್ಲಿ ಎಲೆಗಳಿದ್ದವು, ಕಂದು ಬಣ್ಣಕ್ಕೆ ತಿರುಗಿ, ಗಾಳಿಗೆ ಗಲಗಲ ಎನ್ನುತ್ತ, ಕೊಂಬೆಗೆ ಕಚ್ಚಿಕೊಂಡು. ನಾನು ಅದನ್ನೇ ಒಳ್ಳೆಯದೆಂದು ತಿಳಿದಿದ್ದೆ. ‘ಎಲೆ ಆದ್ರೂ ಉಳ್ಕಂಡವೆ’ ಎಂದು ಅತ್ತಿಗೆಗೆ ಹೇಳಿದೆ.

ಅತ್ತಿಗೆ ನನ್ನ ಮುಖ ನೋಡಿದರು. ಹೇಳಲೋ ಬೇಡವೋ ಎಂದು ಯೋಚಿಸಿದ್ದು ಕಾಣಿಸಿತು.

‘ಉದುರ್ಸೋಕೂ ಜೀವ ಬೇಕು ಕಣವ್ವ’ ಎಂದರು. ‘ಗಿಡ ತಾನೇ ಎಲೆ ತೊಟ್ಟನ್ನ ಬುಡ್ತದೆ, ಇರೋ ನೀರು ಒಳ್ಗೇ ಉಳೀಲಿ ಅಂತ. ಸತ್ತ ಕೊಂಬೆಗೆ ಬುಡೋ ಶಕ್ತಿ ಇರಲ್ಲ. ಅದ್ಕೇ ಅಂಟ್ಕಂಡಿರ್ತವೆ.’

ನಾನು ಗಿಡದ ಬುಡದಲ್ಲಿ ಕೂತೆ. ಅತ್ತಿಗೆ ನನ್ನ ಪಕ್ಕ ಕೂತರು. ನನ್ನ ಹೆಬ್ಬೆರಳನ್ನು ಹಿಡಿದು ನನ್ನ ಉಗುರಿನಿಂದಲೇ ಮೊದಲ ಗಿಡದ ಕೊಂಬೆಯನ್ನು ಕೆರೆಸಿದರು. ಕಂದು. ಕೆಳಗೆ, ಇನ್ನೂ ಕೆಳಗೆ. ಬುಡದ ಹತ್ತಿರ ಎಲ್ಲೋ ಒಂದು ಗೆರೆಯಷ್ಟು ಹಸಿರು. ‘ವಾಸ್ನೆ ನೋಡು’ ಎಂದರು. ನೋಡಿದೆ. ‘ಇದು ಇರೋಗಂಟ ಕೈ ಬುಡಬಾರ್ದು.’ ಆ ದಿನ ಇಬ್ಬರೂ ಮೂವತ್ತೊಂದನ್ನೂ ಕೆರೆದು ನೋಡಿದೆವು. ಹದಿನೇಳರಲ್ಲಿ ಹಸಿರು ಸಿಕ್ಕಿತು. ಕೆಳಗಿನ ಸಾಲಿನಲ್ಲಿ ಎಲ್ಲದರಲ್ಲೂ, ಅದೂ ಮೊಣಕಾಲಿನ ಎತ್ತರದಲ್ಲೇ. ನಾನು ಸರಿಸಿದ್ದ ತರಗನ್ನು ಅತ್ತಿಗೆ ಮತ್ತೆ ನನ್ನ ಗಿಡಗಳ ಬುಡಕ್ಕೆ ಎಳೆದರು. ಒಂದೇ ಒಂದು ಸಲವೂ ‘ನಾನು ಹೇಳಿರಲಿಲ್ವಾ’ ಎನ್ನಲಿಲ್ಲ.

ಇತ್ತ ಮಂಚದ ಮೇಲೆ ಬೇರೆಯದೇ ಯೋಚನೆ ನಡೆದಿತ್ತು. ಆಲೂರು ಕಡೆಯಿಂದ ಯಾರೋ ಬಂದು, ಒಣಗಿದ ಇಳಿಜಾರನ್ನು ಶುಂಠಿ ಹಾಕಲು ಕೊಡಿ ಎಂದು ಅಣ್ಣಯ್ಯನನ್ನು ಕೇಳಿ ಹೋಗಿದ್ದರು. ಗಿಡ ಮರ ಎಲ್ಲ ಕಿತ್ತು ನೆಲ ಬಗೆಯುವ ಬೆಳೆ ಅದು. ಮಲಗಿ ಮಲಗಿ ರೋಸಿಹೋಗಿದ್ದ ಅಣ್ಣಯ್ಯ ಒಪ್ಪುವುದರಲ್ಲಿದ್ದ.

‘ಸತ್ತ ಗಿಡ ಇಟ್ಕಂಡು ಪೂಜೆ ಮಾಡ್ಲಾ?’ ಎಂದು ಕೂಗಿದ.

‘ಸತ್ತಿಲ್ಲ’ ಎಂದರು ಅತ್ತಿಗೆ. ಗಂಡನ ಮಾತಿಗೆ ತೋಟದ ವಿಚಾರದಲ್ಲಿ ಅವರು ಎದುರು ನಿಂತದ್ದು ನಾನು ಕಂಡಂತೆ ಅದೊಂದೇ ಸಲ. ‘ಮೊಣಕಾಲಿಗೆ ಸರಿಯಾಗಿ ಕುಯ್ಸಿ. ಆರಿದ್ರ ಮಳೆ ಮುಗಿಯೋದ್ರೊಳಗೆ ಚಿಗುರ್ನಿಲ್ಲ ಅಂದ್ರೆ ಕಿತ್ತಾಕಿ, ನಾನೇ ಗುದ್ದಲಿ ಹಿಡೀತೀನಿ.’

ರಂಗಯ್ಯ ನಗುವುದೋ ಬೇಡವೋ ಎಂದು ಅಣ್ಣಯ್ಯನ ಮುಖ ನೋಡಿದ. ಅಣ್ಣಯ್ಯ ಗೋಡೆಯ ಕಡೆ ತಿರುಗಿ, ‘ಏನಾರ ಮಾಡ್ಕಳಿ’ ಎಂದ. ಮಾರನೆಯ ದಿನ ರಂಗಯ್ಯ ಗರಗಸ ತಂದು ಎರಡೂ ಸಾಲನ್ನು ಮೊಣಕಾಲಿನ ಎತ್ತರಕ್ಕೆ ಓರೆಯಾಗಿ ಕುಯ್ದ. ಅವ್ವ ನೆಟ್ಟ ಗಿಡಗಳ ರೆಂಬೆಗಳು ನೆಲಕ್ಕೆ ಬೀಳುವ ಸದ್ದನ್ನು ಕೇಳಲಾರದೆ ನಾನು ಒಲೆಯ ಮುಂದೆ ಕೂತೆ. ಅತ್ತಿಗೆ ಅವನ ಹಿಂದೆಯೇ ಹೋಗಿ ಒಂದೊಂದು ಕಡಿತದ ಬಾಯಿಗೂ ಸಗಣಿ ಮೆತ್ತಿ ಬಂದರು.

ಭರಣಿ ಮಳೆ ಬರಲಿಲ್ಲ. ಕೃತ್ತಿಕೆಯಲ್ಲಿ ನಾಲ್ಕು ಹನಿ ಉದುರಿ ಧೂಳೆಬ್ಬಿಸಿ ಹೋಯಿತು. ರೋಹಿಣಿಯ ಮೂರನೆಯ ದಿನ ಮಧ್ಯಾಹ್ನ ಪಡುವಣದಿಂದ ಕಪ್ಪಗೆ ಎದ್ದ ಮೋಡ ಮನೆಯ ಮೇಲೆ ಸುರಿದೇ ಬಿಟ್ಟಿತು. ರಂಗಯ್ಯ ಕೊಟ್ಟಿಗೆಯ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅಣ್ಣಯ್ಯ ಕೋಲೂರಿಕೊಂಡು ಮೊದಲ ಸಲ ಜಗಲಿಗೆ ಬಂದ. ಅತ್ತಿಗೆ ಅಂಗಳಕ್ಕಿಳಿದು, ಎರಡು ಅಂಗೈ ಒಡ್ಡಿ, ಸುಮ್ಮನೆ ನೆನೆದರು. ಅವರು ಅಷ್ಟು ಚಂದ ಕಂಡದ್ದು ನನಗೆ ಬೇರೆ ಯಾವ ದಿನವೂ ನೆನಪಿಲ್ಲ.

ಮಳೆ ಬಂದ ಮಾರನೆಯ ಬೆಳಗ್ಗೆಯೇ ನಾನು ಚಿಗುರು ಹುಡುಕಲು ಓಡಿದೆ. ಎಲ್ಲಿಯ ಚಿಗುರು! ‘ಅಷ್ಟು ದಿನ ಬಾಯಾರಿದ್ದು ಮೊದ್ಲು ಕುಡೀಬೇಕು, ಆಮೇಲಲ್ವಾ ಎದ್ದೇಳೋದು’ ಎಂದು ಅತ್ತಿಗೆ ನಕ್ಕರು. ಹತ್ತು ದಿನದ ಮೇಲೆ ಕೆಳಗಿನ ಸಾಲಿನ ಮೋಟುಗಳಲ್ಲಿ, ತೊಗಟೆ ಬಿರಿದು, ರಾಗಿ ಕಾಳಿನಷ್ಟು ಹಸಿರು ಗಂಟುಗಳು ಮೂಡಿದವು. ನನ್ನ ಸಾಲಿನಲ್ಲಿ ಏನೂ ಇಲ್ಲ. ಅಷ್ಟರಲ್ಲಿ ನನ್ನ ಮಗಳ ಶಾಲೆ ತೆರೆದಿತ್ತು. ನಾನು ಹೊರಡಲೇಬೇಕಿತ್ತು.

ಹೊರಡುವ ದಿನ ಅತ್ತಿಗೆ ಹಾನುಬಾಳಿನವರೆಗೂ ಜೀಪಿನಲ್ಲಿ ಬಂದು ಬಸ್ಸು ಹತ್ತಿಸಿದರು. ಸಣ್ಣಗೆ ಮಳೆ ಹನಿಯುತ್ತಿತ್ತು. ನಾನು ಕಿಟಕಿಯಿಂದ, ‘ನನ್ ಸಾಲು ಚಿಗುರ್ತದಾ ಅತ್ತಿಗೆ?’ ಎಂದೆ. ಕೇಳಬೇಕೆಂದಿದ್ದು ಅದಲ್ಲ. ಆ ಮಾತು ಆಡಿದ್ದು ತಪ್ಪಾಯಿತು ಎನ್ನಬೇಕಿತ್ತು.

‘ಚಿಗುರ್ತದೆ ಹೋಗು. ನೀನು ಎಬ್ಬಿಸಿ ಎಬ್ಬಿಸಿ ನಿದ್ದೆ ಕೆಡ್ಸಿದ್ದೀಯ, ಸ್ವಲ್ಪ ಸಿಟ್ಟು ಮಾಡ್ಕಂಡವೆ. ತಡ ಆಯ್ತದೆ’ ಎಂದರು. ಬಸ್ಸು ತಿರುವು ದಾಟುವವರೆಗೂ ಅವರ ಹಸಿರು ಸೀರೆಯ ಸೆರಗು ಕಾಣುತ್ತಿತ್ತು.

ಆರಿದ್ರ ಮಳೆ ಮುಗಿಯುವ ಹೊತ್ತಿಗೆ ಒಂದು ಸಂಜೆ ನಮ್ಮ ಯಜಮಾನರ ಅಂಗಡಿಯ ಫೋನಿಗೆ ಅತ್ತಿಗೆಯ ಕರೆ ಬಂತು. ‘ನಿನ್ ಸಾಲು ಚಿಗುರ್ತು ಕಣವ್ವ. ನಿಮ್ಮಣ್ಣನೂ ಶುಂಠಿ ಗಿಂಠಿ ಏನೂ ಬ್ಯಾಡ ಅಂದ್ಬುಟ್ರು.’ ನಾನು ಅಂಗಡಿಗೆ ಬಂದವರ ಮುಂದೆಯೇ ಅತ್ತೆ. ಎರಡು ವರ್ಷ ಡಬ್ಬ ಬರಲಿಲ್ಲ. ಮೋಟಿನಿಂದ ಬೆಳೆದ ಗಿಡ ಹಣ್ಣು ಬಿಡಲು ಅಷ್ಟು ಬೇಕು. ಮೂರನೆಯ ವರ್ಷ ಬಂತು. ಆಮೇಲೆ ಒಂದು ವರ್ಷವೂ ತಪ್ಪಲಿಲ್ಲ. ‘ನಿನ್ನ ಸಾಲಿಂದಾ?’ ‘ಹೂಂ ಮತ್ತೆ, ನಮ್ಮವ್ವ ನೆಟ್ಟಿದ್ದು.’

ಆಗ ಹೋಗಿ ನೋಡಲಿಲ್ಲವೇ ಎಂದು ನೀವು ಕೇಳಬಹುದು. ಹೋಗುತ್ತಿದ್ದೆ, ಗೌರಿಹಬ್ಬಕ್ಕೆ. ಜಡಿಮಳೆ. ತೋಟಕ್ಕಿಳಿಯುತ್ತೇನೆ ಎಂದರೆ ಅತ್ತಿಗೆ, ‘ಜಿಗಣೆ ರಾಶಿ ಐತೆ, ಇಲ್ಲೇ ಗೋಡೆ ಮೇಲಿಂದ ನೋಡು’ ಎನ್ನುತ್ತಿದ್ದರು. ಗೋಡೆಯ ಮೇಲಿಂದ ನೋಡಿದರೆ ಸಾಲು ಹಸಿರಾಗಿತ್ತು. ಹಸಿರು ಕಂಡ ಮೇಲೆ ಬುಡ ಬಗ್ಗಿ ನೋಡುವ ಬುದ್ಧಿ ನನಗೆಲ್ಲಿಂದ ಬರಬೇಕು?

ಹೋದ ವರ್ಷ ಬೇಸಿಗೆಯ ಶುರುವಿನಲ್ಲಿ ಅತ್ತಿಗೆ ಹೋಗಿಬಿಟ್ಟರು. ಒಂದು ಬೆಳಗ್ಗೆ ತೋಟದಿಂದ ಬಂದು ಎದೆ ಹಿಡಿದುಕೊಂಡು ಜಗಲಿಯಲ್ಲಿ ಕೂತವರು ಏಳಲಿಲ್ಲ. ಅಂದಿನಿಂದ ನನಗೆ ತವರೆಂದರೆ ಮಣ್ಣಿನ ವಾಸನೆಯಲ್ಲ, ಅವ್ವನ ನೆನಪೂ ಅಲ್ಲ. ಬಸ್ಸಿನ ಕಿಟಕಿಯ ಕೆಳಗೆ ನೆನೆಯುತ್ತ ನಿಂತ ಆ ಹೆಂಗಸು. ಅವರನ್ನು ಇನ್ನೊಂದು ಸಲ ಕಾಣಬೇಕು, ಆ ಒಂದು ಮಾತು ಹೇಳಬೇಕು ಎಂದು ಜೀವ ಎಳೆಯುತ್ತದೆ.

ಈ ಸಲ ವರ್ಷದ ಕಾರ್ಯ ಮುಗಿಯಿತು. ಊಟವಾದ ಮೇಲೆ ಅಣ್ಣಯ್ಯನ ಸೊಸೆ ಕಾವ್ಯ ಪುಡಿಯ ಡಬ್ಬ ತಂದು ನನ್ನ ಮಡಿಲಿಗಿಟ್ಟಳು. ‘ನಮ್ಮತ್ತೆ ಹೇಳಿ ಹೋಗಿದ್ರು, ಏನೇ ತಪ್ಪಿದ್ರೂ ಇದು ತಪ್ಬಾರ್ದು ಅಂತ’ ಎಂದಳು. ನನಗೆ ಒಮ್ಮೆ ಸಾಲಿಗೆ ಇಳಿದು ಬರಬೇಕೆನ್ನಿಸಿತು. ಫಾಲ್ಗುಣ, ಮಳೆಯಿಲ್ಲ, ಜಿಗಣೆಯಿಲ್ಲ, ತಡೆಯುವವರೂ ಇಲ್ಲ. ಕಾವ್ಯ ಜೊತೆಗೆ ಬಂದಳು.

ಕಲ್ಲುಗೋಡೆ ಇಳಿದು ನನ್ನ ಮೊದಲ ಗಿಡದ ಮುಂದೆ ಕೂತೆ. ಹಿತ್ತಿಲಿನ ಕರಿಬೇವಿನ ನೆನಪಿನಲ್ಲಿ ಬುಡವನ್ನು ಕೆರೆಯಲು ಹೋದವಳ ಕೈ ನಿಂತಿತು. ಕಾಂಡ ನೆಲದಿಂದ ನೆಟ್ಟಗೆ ಒಂದೇ ಆಗಿ ಎದ್ದಿತ್ತು. ಮೊಣಕಾಲಿನ ಎತ್ತರದಲ್ಲಿ ಕುಯ್ದ ಗುರುತೇ ಇಲ್ಲ. ಎರಡನೆಯ ಗಿಡ ನೋಡಿದೆ, ಮೂರನೆಯದು ನೋಡಿದೆ. ಬಗ್ಗಿಕೊಂಡೇ ಮೂವತ್ತೊಂದನ್ನೂ ನೋಡಿದೆ. ಒಂದಕ್ಕೂ ಗಾಯವಿಲ್ಲ. ಕೆಳಗಿನ ಸಾಲಿಗೆ ತಿರುಗಿದೆ. ಅಲ್ಲಿ ಒಂದೊಂದು ಗಿಡಕ್ಕೂ ಮೊಣಕಾಲಿಗೆ ಸರಿಯಾಗಿ ಮುಷ್ಟಿಯಷ್ಟು ದಪ್ಪದ ಗಂಟು, ಗಂಟಿನ ಪಕ್ಕದಿಂದ ಎದ್ದ ಎರಡೆರಡು ಕಾಂಡ.

‘ಕಾವ್ಯ, ಈ ಮೇಲಿನ ಸಾಲು...’

‘ಅದು ಅತ್ತೆ ಆಮೇಲೆ ಸಸಿ ನೆಟ್ಟಿದ್ದಂತೆ. ನಿಮ್ ಸಾಲು ಈ ಕೆಳಗಿನದಲ್ವಾ?’ ಎಂದಳು ಅವಳು, ಗಂಟೊಂದರ ಮೇಲೆ ಕೈಯಿಟ್ಟು. ‘ಹಣ್ಣು ಕುಯ್ಯುವಾಗ ಇದರದ್ದನ್ನೇ ಬೇರೆ ಇಡ್ಬೇಕು ಅಂತ ಅತ್ತೆ ನಂಗೆ ತೋರ್ಸಿದ್ರು.’

ನಾನು ಮೇಲೆ ಬಂದು ಅಣ್ಣಯ್ಯನ ಮುಂದೆ ಕೂತೆ. ಕೇಳುವ ಮೊದಲೇ ಅವನಿಗೆ ತಿಳಿಯಿತು. ಇನ್ನೂ ಸ್ವಲ್ಪ ಕುಂಟುವ ಕಾಲನ್ನು ನೀವಿಕೊಳ್ಳುತ್ತ ಹೇಳಿದ:

‘ಒಂದೂ ಉಳೀಲಿಲ್ಲ ಕಣವ್ವ. ಹದಿನೇಳ್ರಲ್ಲಿ ಹಸಿರು ಐತೆ ಅಂತ ನಿಮ್ಮತ್ತಿಗೆ ದಿನಾ ಹೋಗಿ ಕೆರೆದು ನೋಡೋಳು. ಒಂದೊಂದೇ ಹೋದ್ವು. ಶ್ರಾವಣದಲ್ಲಿ ಅವಳೇ ಗುಂಡಿ ತೆಗ್ದು ಸಸಿ ನೆಟ್ಲು, ರಂಗಯ್ಯನ್ನೂ ಸೇರ್ಸಲಿಲ್ಲ. ಶಾರದಂಗೆ ಹೇಳ್ಬ್ಯಾಡಿ, ಅವಳ ಕೈಯಾರೆ ಹೋಯ್ತು ಅಂತ ಗೊತ್ತಾದ್ರೆ ಮತ್ತೆ ಈ ಕಡೆ ಮುಖ ಹಾಕಲ್ಲ ಅಂದ್ಲು. ನಿಮ್ಮತ್ತಿಗೆಗೆ ತವರು ಅಂತ ಇರ್ಲಿಲ್ಲ ನೋಡು.’

ಇಷ್ಟು ವರ್ಷ ನನ್ನ ಡಬ್ಬ ತುಂಬಿದ್ದು ಆ ಕೆಳಗಿನ ಸಾಲು, ಅತ್ತಿಗೆಯೇ ತರಗು ಹೊದಿಸಿ, ಗಂಡನಿಗೆ ಎದುರು ನಿಂತು ಉಳಿಸಿಕೊಂಡದ್ದು. ಯಾರ ಹೆಸರೂ ಇಲ್ಲದ ಅದಕ್ಕೆ ತಮ್ಮ ಹೆಸರು ಇಡಬಹುದಿತ್ತು. ಅವರು ನನ್ನ ಹೆಸರು ಇಟ್ಟರು, ಅದೂ ನಾನು ಆ ಮಾತು ಆಡಿದ ಮೇಲೆ.

ಹೊರಡುವಾಗ ಕಾವ್ಯಳನ್ನು ಕರೆದೆ. ‘ಕೆಳಗಿನ ಸಾಲಿಗೆ ಇನ್ಮೇಲೆ ನನ್ ಹೆಸರು ಹೇಳ್ಬ್ಯಾಡ. ಲಲಿತಮ್ಮನ ಸಾಲು ಅನ್ನು.’

ಅವಳು ಬೆರಗಾದಳು. ‘ನಮ್ಮನೇಲಿ ಸೊಸೇರಿಗೆ ಸಾಲು ಇಲ್ವಲ್ಲ ಅತ್ತೆ?’

‘ಈಗ ಐತೆ’ ಎಂದೆ. ಜಗಲಿಯಲ್ಲಿದ್ದ ಅಣ್ಣಯ್ಯ ತಲೆ ಎತ್ತಿ ನೋಡಿ, ಹೂಂ ಎನ್ನುವ ಹಾಗೆ ಕೋಲನ್ನು ಒಮ್ಮೆ ನೆಲಕ್ಕೆ ಕುಟ್ಟಿದ.

ಮಾರನೆಯ ಬೆಳಗ್ಗೆ ಮಗ್ಗೆಯಲ್ಲಿ ಡಬ್ಬದ ಮುಚ್ಚಳ ತೆಗೆದು ಕಾಫಿ ಸೋಸಿದೆ. ನಮ್ಮ ಯಜಮಾನರು ಹಿತ್ತಿಲ ಬಾಗಿಲಲ್ಲಿ ಕರಿಬೇವಿನ ಗಿಡದ ಕಡೆ ಒಂದು ಕಣ್ಣಿಟ್ಟುಕೊಂಡು ಲೋಟ ಹಿಡಿದರು. ಒಂದು ಗುಟುಕು ಕುಡಿದು, ಇಷ್ಟು ವರ್ಷ ಕೇಳಿದ ಹಾಗೆಯೇ ಕೇಳಿದರು.

‘ನಿನ್ನ ಸಾಲಿಂದಾ?’

‘ಅಲ್ಲ’ ಎಂದೆ. ‘ಅತ್ತಿಗೇದು.’